ಗಾಯವಾಗುವ ಮೊದಲೇ ಮಲಗಬೇಕು

ಗಾಲಿಕುರ್ಚಿಯಲ್ಲಿ ಕುಳಿತವರನ್ನು ಕಂಡ ಜನ ಮೊದಲು ಕೇಳುವುದು ಕಾಲಿನ ವಿಚಾರ. ಎದ್ದು ನಿಲ್ಲಲು ಆಗುತ್ತದೆಯೇ, ಮುಂದಾದರೂ ನಡೆಯಬಹುದೇ, ಯಾರ ಔಷಧ ನಡೆಯುತ್ತಿದೆ? ಅವರು ಕಾಳಜಿಯಿಂದ ಕೇಳುತ್ತಾರೆ, ನಾನೂ ಸಮಾಧಾನವಾಗಿ ಉತ್ತರಿಸುತ್ತೇನೆ. ಆದರೆ ಸೊಂಟದಿಂದ ಕೆಳಗೆ ಸ್ಪರ್ಶವೇ ತಿಳಿಯದ ನಮ್ಮಂಥವರ ದಿನಚರಿಯನ್ನು ಆಳುವುದು ಕುಂಡೆಯ ಚರ್ಮ. ಅಂಗೈಯಗಲದ ಆ ಜಾಗ ಚೆನ್ನಾಗಿದ್ದರೆ ಕಚೇರಿಗೆ ಹೋಗಬಹುದು, ಮದುವೆಗೆ ಹೋಗಬಹುದು, ಊರು ಸುತ್ತಬಹುದು. ಅದು ಕೆಟ್ಟಿತೆಂದರೆ ತಿಂಗಳುಗಟ್ಟಲೆ ಕವುಚಿ ಮಲಗಬೇಕು. ಕೆಲವರು ಆ ಹಾಸಿಗೆಯಿಂದ ಏಳುವುದೇ ಇಲ್ಲ.

ಅಮೆರಿಕದ ನಟ ಕ್ರಿಸ್ಟೋಫರ್ ರೀವ್ 1995ರಲ್ಲಿ ಕುದುರೆಯಿಂದ ಬಿದ್ದು ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದವರು. ಅವರಿಗೆ ಹಣಕ್ಕಾಗಲಿ, ನೋಡಿಕೊಳ್ಳುವವರಿಗಾಗಲಿ, ವೈದ್ಯರಿಗಾಗಲಿ ಕೊರತೆ ಇರಲಿಲ್ಲ. 2004ರ ಅಕ್ಟೋಬರಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಸೋಂಕು ತಗುಲಿದ ಒತ್ತಡದ ಹುಣ್ಣಿಗೆ ಚಿಕಿತ್ಸೆ ಪಡೆಯುತ್ತಿದ್ದರು. ಅಷ್ಟೆಲ್ಲ ಅನುಕೂಲ ಇದ್ದವರನ್ನೂ ಬಿಡದ ಹುಣ್ಣು ನಮ್ಮ ಹಳ್ಳಿಯ ಮನೆಗಳಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹಾಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಒತ್ತಡದ ಹುಣ್ಣು, ಜನರ ಬಾಯಲ್ಲಿ ಹೇಳುವುದಾದರೆ ಬೆಡ್ ಸೋರ್, ಹೇಗೆ ಬರುತ್ತದೆ ಎಂಬ ತಿಳಿವಳಿಕೆ ಈಗ ಬಹಳ ಮಂದಿಗೆ ಇದೆ. ಆಸ್ಪತ್ರೆಯಿಂದ ಬಿಡುವಾಗ ಹೇಳಿ ಕಳಿಸುತ್ತಾರೆ, ಮೊಬೈಲಿನಲ್ಲಿ ವಿಡಿಯೋಗಳೂ ಸಿಗುತ್ತವೆ. ಆದರೂ ಹುಣ್ಣು ಬರುತ್ತಲೇ ಇದೆ. ಕಾರಣ ಅಜ್ಞಾನ ಒಂದೇ ಎಂದು ನನಗೆ ಅನಿಸುವುದಿಲ್ಲ. ಒತ್ತಡದ ಹುಣ್ಣಿನ ಮೊದಲ ಗುರುತು ಯಾರ ಕಣ್ಣಿಗೂ ಕಾಯಿಲೆಯಂತೆ ಕಾಣಿಸುವುದಿಲ್ಲ. ರಕ್ತವಿಲ್ಲ, ಕೀವಿಲ್ಲ, ವಾಸನೆಯಿಲ್ಲ, ನಮಗಂತೂ ನೋವೇ ಇಲ್ಲ. ಇರುವುದು ಒಂದು ಕಲೆ ಮಾತ್ರ. ಆ ಕಲೆ ಕಂಡ ದಿನವೇ ಕುರ್ಚಿ ಬಿಟ್ಟು ಮಲಗಿದರೆ ಅದು ಕೆಲವು ದಿನಗಳಲ್ಲಿ ಹೋಗುತ್ತದೆ. ಆದರೆ ಕಲೆಯೊಂದನ್ನು ತೋರಿಸಿ ‘ನಾನು ಇವತ್ತು ಕೂರುವುದಿಲ್ಲ’ ಎಂದು ಹೇಳುವ ಅಧಿಕಾರ ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ನಮಗೆ ಸುಲಭವಾಗಿ ಸಿಗುವುದಿಲ್ಲ. ಚರ್ಮ ಒಡೆದ ಮೇಲೆ ಸಿಗುತ್ತದೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಚರ್ಮದ ಮೇಲೆ ಕಾಣುವುದಕ್ಕಿಂತ ಒಳಗೆ ಹೆಚ್ಚು ಹಾನಿಯಾಗಿರಬಹುದು ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಕುಳಿತಾಗ ಮೈಭಾರವೆಲ್ಲ ಎರಡು ಪುಟ್ಟ ಮೂಳೆಗಳ ತುದಿಯ ಮೇಲೆ ನಿಲ್ಲುತ್ತದೆ. ಗಟ್ಟಿ ಬೆಂಚಿನ ಮೇಲೆ ಕುಳಿತು ಅಂಗೈಯನ್ನು ಕೆಳಗೆ ತೂರಿಸಿದರೆ ಯಾರಿಗಾದರೂ ಸಿಗುವ ಮೂಳೆಗಳು ಅವು. ಒತ್ತಡ ಅತಿ ಹೆಚ್ಚಿರುವುದು ಮೂಳೆಗೆ ತಾಗಿದ ಮಾಂಸದಲ್ಲಿ. ಮಾಂಸಖಂಡ ಚರ್ಮದಷ್ಟು ತಾಳಿಕೊಳ್ಳುವುದಿಲ್ಲ. ರಕ್ತನಾಳಗಳು ಒತ್ತಿಕೊಂಡು ರಕ್ತ ಹರಿಯದೆ ಹೋದರೆ ಒಂದೆರಡು ಗಂಟೆಗಳೊಳಗೇ ಅಲ್ಲಿ ಹಾನಿ ಶುರುವಾಗಬಹುದು. ಹೊರಗೆ ರೂಪಾಯಿ ನಾಣ್ಯದಷ್ಟು ಕಲೆ ಕಂಡರೆ ಒಳಗೆ ಅದಕ್ಕಿಂತ ದೊಡ್ಡ ಜಾಗ ನೊಂದಿರಬಹುದು. ಸ್ಪರ್ಶಜ್ಞಾನ ಇರುವವರು ಕುಳಿತಲ್ಲೇ ತಮಗರಿವಿಲ್ಲದೆ ಮಿಸುಕಾಡುತ್ತಾರೆ, ಒಂದು ಪಕ್ಕಕ್ಕೆ ವಾಲುತ್ತಾರೆ, ಕಾಲು ಬದಲಿಸುತ್ತಾರೆ. ಮೈ ಅವರನ್ನು ಹಾಗೆ ಆಡಿಸುತ್ತದೆ. ನಮ್ಮ ಮೈ ನಮಗೆ ಏನನ್ನೂ ಹೇಳುವುದಿಲ್ಲವಾದ್ದರಿಂದ ಆ ಮಿಸುಕಾಟವನ್ನು ಗಡಿಯಾರ ನೋಡಿಕೊಂಡು ಮಾಡಬೇಕಾಗುತ್ತದೆ.

‘ಬೆನ್ನುಹುರಿ ಹೋದವರಿಗೆ ಹುಣ್ಣು ಬಂದೇ ಬರುತ್ತದೆ, ಏನು ಮಾಡಿದರೂ ಅಷ್ಟೆ’ ಎನ್ನುವ ಹಿರಿಯರಿದ್ದಾರೆ. ಇದು ಹಳ್ಳಿಯವರ ಮಾತು ಎಂದು ತಳ್ಳಿಹಾಕುವಂತಿಲ್ಲ, ಒಂದು ಕಾಲಕ್ಕೆ ದೊಡ್ಡ ವೈದ್ಯರೇ ಹೀಗೆ ನಂಬಿದ್ದರು. 19ನೇ ಶತಮಾನದಲ್ಲಿ ಪ್ಯಾರಿಸ್ಸಿನ ಹೆಸರಾಂತ ನರರೋಗ ತಜ್ಞ ಶಾರ್ಕೋ, ನರಕ್ಕೆ ಆದ ಪೆಟ್ಟಿನಿಂದಲೇ ಹುಣ್ಣು ಏಳುತ್ತದೆ ಎಂದು ವಾದಿಸಿದರು. ಅವರಿಗಿಂತ ಮೊದಲೇ ಬ್ರೌನ್ ಸೆಕಾರ್ ಎಂಬ ವಿಜ್ಞಾನಿ, ಬೆನ್ನುಹುರಿ ಕತ್ತರಿಸಿದ ಗಿನಿ ಇಲಿಗಳನ್ನು ಶುಚಿಯಾಗಿಟ್ಟು, ಒತ್ತಡ ಬೀಳದಂತೆ ನೋಡಿಕೊಂಡರೆ ಹುಣ್ಣೇ ಆಗುವುದಿಲ್ಲ ಎಂದು ತೋರಿಸಿದ್ದರು. ಗೆದ್ದದ್ದು ಮಾತ್ರ ಶಾರ್ಕೋ ಅವರ ಹೆಸರು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ಬೆನ್ನುಹುರಿ ಪೆಟ್ಟಿನವರ ವಿಭಾಗ ತೆರೆದ ಲುಡ್ವಿಗ್ ಗಟ್‌ಮನ್ ಈ ಕೈಚೆಲ್ಲುವಿಕೆಯನ್ನು ಒಪ್ಪಲಿಲ್ಲ. ನಾಜಿಗಳ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ವೈದ್ಯರವರು. ಹಗಲಿರಲಿ ರಾತ್ರಿಯಿರಲಿ, ಎರಡು ಗಂಟೆಗೊಮ್ಮೆ ಪ್ರತಿಯೊಬ್ಬ ರೋಗಿಯ ಮಗ್ಗುಲು ಬದಲಿಸಲೇಬೇಕು ಎಂದು ಪಟ್ಟು ಹಿಡಿದರು. ಸಾಯುತ್ತಾರೆ ಎಂದು ಬಿಟ್ಟಿದ್ದ ಸೈನಿಕರು ಬದುಕಿದರು, ಕೆಲಸಕ್ಕೆ ಹೋದರು. ಅಲ್ಲಿ ಶುರುವಾದ ಆಟೋಟಗಳೇ ಮುಂದೆ ಪ್ಯಾರಾಲಿಂಪಿಕ್ಸ್ ಆದವು. ನಾಲ್ಕು ಕೈಗಳು ಸೇರಿ ಒಬ್ಬರನ್ನು ಪಕ್ಕಕ್ಕೆ ಹೊರಳಿಸುವುದು, ಅಷ್ಟೇ ಸರಳವಾದ ಕೆಲಸ ಸಾವಿರಾರು ಜೀವ ಉಳಿಸಿತು ಎಂಬುದು ನನ್ನನ್ನು ಈಗಲೂ ಅಲುಗಾಡಿಸುತ್ತದೆ.

ನಮಗೆ ಇನ್ನೂ ಹತ್ತಿರದ ಪಾಠ ವೆಲ್ಲೂರಿನದು. ಅಲ್ಲಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು ಕುಷ್ಠರೋಗಿಗಳ ಕೈಕಾಲುಗಳನ್ನು ವರ್ಷಗಟ್ಟಲೆ ಗಮನಿಸಿದರು. ಬೆರಳುಗಳು ತಾವಾಗಿಯೇ ಕೊಳೆತು ಬೀಳುತ್ತವೆ ಎಂಬ ನಂಬಿಕೆ ಆಗ ಎಲ್ಲೆಡೆ ಇತ್ತು. ರೋಗ ನೋವಿನ ಅರಿವನ್ನು ಕಸಿದುಕೊಳ್ಳುತ್ತದೆ, ನೋವು ತಿಳಿಯದವರು ಸುಟ್ಟುಕೊಂಡು, ಉಜ್ಜಿಕೊಂಡು, ಒತ್ತಿಕೊಂಡು ಗಾಯ ಮಾಡಿಕೊಳ್ಳುತ್ತಾರೆ ಎಂದು ಬ್ರ್ಯಾಂಡ್ ಕಂಡುಕೊಂಡರು. ದಿನವೂ ಕೈಕಾಲನ್ನು ಕಣ್ಣಿನಿಂದ ಪರೀಕ್ಷಿಸುವುದೇ ಅದಕ್ಕೆ ಮದ್ದು. ಅದೇ ಕಾಲೇಜಿನ ಮೇರಿ ವರ್ಗೀಸ್ ಎಂಬ ಯುವ ವೈದ್ಯೆ 1954ರಲ್ಲಿ ರಸ್ತೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಗೆ ಬಂದರು. ಆಮೇಲೆ ಬ್ರ್ಯಾಂಡ್ ಅವರ ಬಳಿ ಕಲಿತು, ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ವೆಲ್ಲೂರಿನಲ್ಲಿ ಪುನಶ್ಚೇತನ ಸಂಸ್ಥೆ ತೆರೆದಾಗ ಅದನ್ನು ಮುನ್ನಡೆಸಿದವರೂ ಅವರೇ. ನೋವು ತಿಳಿಯದ ಮೈಯನ್ನು ಕಾಯುವುದು ಹೇಗೆ ಎಂಬ ವಿದ್ಯೆಯನ್ನು ಅವರು ಗುರುವಿನಿಂದಲೂ ಕಲಿತರು, ತಮ್ಮ ಮೈಯಿಂದಲೂ ಕಲಿತರು.

ಇನ್ನು ನೋಡುವ ಕೆಲಸದ ಬಗ್ಗೆ. ದಿನಕ್ಕೆ ಎರಡು ಸಲ ನೋಡಬೇಕು, ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ಒಮ್ಮೆ, ರಾತ್ರಿ ಕುರ್ಚಿಯಿಂದ ಇಳಿದ ಮೇಲೆ ಒಮ್ಮೆ. ರಾತ್ರಿಯ ನೋಟ ಹಗಲು ಕುಳಿತದ್ದರ ಲೆಕ್ಕ ಕೊಡುತ್ತದೆ. ಬೆಳಗಿನ ನೋಟ ಆ ಕಲೆ ಉಳಿಯಿತೋ ಹೋಯಿತೋ ಎಂಬುದನ್ನು ಹೇಳುತ್ತದೆ. ನಾನು ಎಡಮಗ್ಗುಲಾಗಿ, ಮೇಲಿನ ಮೊಣಕಾಲನ್ನು ಮುಂದಕ್ಕೆ ಮಡಚಿ ಮಲಗುತ್ತೇನೆ. ಉದ್ದ ಹಿಡಿಯ ಕನ್ನಡಿಯೊಂದು ತಲೆದಿಂಬಿನ ಪಕ್ಕದಲ್ಲೇ ಇರುತ್ತದೆ. ಮೊದಲು ಬಾಲದ ಮೂಳೆ, ಆಮೇಲೆ ಕುಳಿತುಕೊಳ್ಳುವ ಎರಡು ಮೂಳೆಗಳ ಜಾಗ, ತೊಡೆಮೂಳೆಯ ಪಕ್ಕದ ಉಬ್ಬು, ಕೊನೆಗೆ ಹಿಮ್ಮಡಿ ಮತ್ತು ಕಾಲಿನ ಗಂಟು. ಈ ಅನುಕ್ರಮವನ್ನು ತಪ್ಪಿಸುವುದಿಲ್ಲ, ತಪ್ಪಿಸಿದರೆ ಯಾವುದಾದರೂ ಒಂದು ಜಾಗ ಮರೆತುಹೋಗುತ್ತದೆ. ಕನ್ನಡಿಯಲ್ಲಿ ಸರಿಯಾಗಿ ಕಾಣದಿದ್ದರೆ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತೇನೆ. ಕಿಟಕಿಯ ಬೆಳಕಿನಲ್ಲಿ ತೆಗೆಯಬೇಕು. ಫ್ಲ್ಯಾಶ್ ಹಾಕಿದರೆ ಚರ್ಮದ ಬಣ್ಣವೇ ಬದಲಾಗಿ ನಿನ್ನೆಯದಕ್ಕೂ ಇಂದಿನದಕ್ಕೂ ಹೋಲಿಕೆ ಸಿಗುವುದಿಲ್ಲ.

ಬಣ್ಣದ ವಿಚಾರದಲ್ಲಿ ನಮ್ಮವರಿಗೆ ಒಂದು ಮೋಸವಾಗುತ್ತದೆ. ಚರ್ಮ ಕೆಂಪಾಗುತ್ತದೆ, ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾಗಿ ಮತ್ತೆ ಕೆಂಪಾಗಬೇಕು, ಬೆಳ್ಳಗಾಗದಿದ್ದರೆ ಅದೇ ಹುಣ್ಣಿನ ಮೊದಲ ಹಂತ, ಹೀಗೆಂದು ಪುಸ್ತಕಗಳು ಹೇಳುತ್ತವೆ. ಚಿತ್ರಗಳಲ್ಲಿ ಇರುವುದು ಬಿಳಿಯರ ಗುಲಾಬಿ ಚರ್ಮ. ಕಂದು ಚರ್ಮದಲ್ಲಿ ಕೆಂಪು ಕಾಣುವುದೇ ಅಪರೂಪ. ನಮ್ಮಲ್ಲಿ ಆ ಜಾಗ ಸುತ್ತಲಿನ ಚರ್ಮಕ್ಕಿಂತ ಕಪ್ಪಾಗುತ್ತದೆ, ಬೂದು ಛಾಯೆಗೋ ನೇರಳೆ ಬಣ್ಣಕ್ಕೋ ತಿರುಗುತ್ತದೆ, ಕೆಲವೊಮ್ಮೆ ಬಣ್ಣ ಬದಲಾಗದೆ ಬರಿ ಮಿರುಗು ಬರುತ್ತದೆ. ಆದ್ದರಿಂದ ಕಣ್ಣಿನ ಜೊತೆ ಕೈಯನ್ನೂ ನಂಬಬೇಕು. ಬಟ್ಟೆ ಸರಿಸಿ ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು, ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಬೇಕು. ಒಂದು ಕಡೆ ಮುಟ್ಟಿದ ಮೇಲೆ ಇನ್ನೊಂದು ಕಡೆಯ ಅದೇ ಜಾಗವನ್ನೂ ಮುಟ್ಟಬೇಕು. ಒಂದು ಬಿಸಿ, ಇನ್ನೊಂದು ತಂಪು ಇದ್ದರೆ ಸಂಶಯಪಡಬೇಕು. ಬೆರಳಿಗೆ ಗಟ್ಟಿಯಾಗಿಯೋ, ಒಳಗೆ ನೀರು ತುಂಬಿದಂತೆ ಮೆತ್ತಗೋ ಸಿಕ್ಕರೂ ಸಂಶಯಪಡಬೇಕು. ಕಪ್ಪುನೇರಳೆ ಬಣ್ಣದ ಕಲೆ ಅತಿ ಅಪಾಯದ್ದು, ಅದು ಒಳಗಿನ ಮಾಂಸ ಸತ್ತಿರುವ ಸೂಚನೆ ಆಗಿರಬಹುದು. ಅದಕ್ಕೆ ಕಾಯುತ್ತ ಕೂರದೆ ವೈದ್ಯರ ಬಳಿ ಹೋಗಬೇಕು.

ಕುರ್ಚಿಯಿಂದ ಇಳಿದ ಕೂಡಲೇ ಕಲೆ ಕಂಡರೆ ಗಾಬರಿಯಾಗಬೇಕಾಗಿಲ್ಲ. ಒತ್ತಿಕೊಂಡಿದ್ದ ಜಾಗಕ್ಕೆ ರಕ್ತ ಮರಳಿ ನುಗ್ಗುವಾಗ ಬಣ್ಣ ಏರುವುದು ಸಹಜ. ಭಾರ ತೆಗೆದು ಅರ್ಧ ಗಂಟೆ ಬಿಟ್ಟು ಮತ್ತೆ ನೋಡಬೇಕು. ಹೋಗಿದ್ದರೆ ಸರಿ. ಉಳಿದಿದ್ದರೆ ಅದು ಹುಣ್ಣು. ಚರ್ಮ ಒಡೆಯದಿದ್ದರೂ ಅದು ಹುಣ್ಣೇ ಎಂದು ಒತ್ತಿ ಹೇಳುತ್ತೇನೆ. ವೈದ್ಯರು ಅದನ್ನು ಒಂದನೇ ಹಂತ ಎನ್ನುತ್ತಾರೆ. ಎರಡನೆಯದರಲ್ಲಿ ಚರ್ಮ ಸುಲಿಯುತ್ತದೆ ಅಥವಾ ಬೊಬ್ಬೆ ಏಳುತ್ತದೆ, ಮೂರನೆಯದರಲ್ಲಿ ಕೊಬ್ಬು ಕಾಣುತ್ತದೆ, ನಾಲ್ಕನೆಯದರಲ್ಲಿ ಮಾಂಸ, ಮೂಳೆ. ಮೊದಲ ಹಂತದಿಂದ ಹಿಂದಿರುಗಿದವರ ಚರ್ಮ ಮೊದಲಿನಂತೆಯೇ ಆಗುತ್ತದೆ. ಆಳವಾಗಿ ಒಡೆದು ಕೂಡಿಕೊಂಡ ಜಾಗಕ್ಕೆ ಮೂಲ ಚರ್ಮದ ಬಲದ ಸುಮಾರು ಶೇಕಡ 80ಕ್ಕಿಂತ ಹೆಚ್ಚು ಮತ್ತೆಂದೂ ಬರುವುದಿಲ್ಲ. ಒಮ್ಮೆ ಒಡೆದ ಜಾಗ ಮತ್ತೆ ಮತ್ತೆ ಒಡೆಯುವುದು ಅದಕ್ಕೇ.

ಸಾಗರದ ಆಸುಪಾಸಿನ ಒಂದು ಹಳ್ಳಿಯ ಹುಡುಗನ ಮನೆಗೆ ಹೋದದ್ದು ನೆನಪಾಗುತ್ತದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದ್ದವನು ಜಾರಿ ಬಿದ್ದಿದ್ದ. ನಮ್ಮ ಮಲೆನಾಡು, ಕರಾವಳಿಯಲ್ಲಿ ಬೆನ್ನುಹುರಿ ಮುರಿದುಕೊಂಡವರನ್ನು ಕೇಳಿದರೆ ಅಡಿಕೆ ಮರ, ತೆಂಗಿನ ಮರದ ಕಥೆಯೇ ಹೆಚ್ಚು ಸಿಗುತ್ತದೆ. ದಾನವಾಗಿ ಬಂದ ಗಾಲಿಕುರ್ಚಿಯಲ್ಲಿ ಅವನು ಜಗಲಿಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕುಳಿತಿರುತ್ತಿದ್ದ. ಒಳಗೆ ಮಲಗಿದರೆ ರೋಗಿ, ಹೊರಗೆ ಕುಳಿತರೆ ಮನುಷ್ಯ ಎಂಬ ಭಾವನೆ ಅವನಿಗೂ ಇತ್ತು, ಮನೆಯವರಿಗೂ ಇತ್ತು. ನಮಗೆಲ್ಲರಿಗೂ ಇರುವುದೇ. ರೆಕ್ಸಿನ್ ಆಸನ ನಡುವೆ ಜೋತುಬಿದ್ದು ಅವನ ಸೊಂಟ ಮುಂದಕ್ಕೆ ಜಾರಿತ್ತು, ಭಾರವೆಲ್ಲ ಬಾಲದ ಮೂಳೆಯ ಮೇಲೆ ಬಿದ್ದಿತ್ತು. ಬೆನ್ನ ಕೆಳಗೆ ನೋಡಿದ್ದೀರಾ ಎಂದು ಅವನ ತಾಯಿಯನ್ನು ಕೇಳಿದೆ.

‘ನೋಡಿದ್ದೇನೆ ಮೇಡಂ, ಏನೂ ಇಲ್ಲ. ಸ್ವಲ್ಪ ಕಪ್ಪಾಗಿದೆ ಅಷ್ಟೆ. ಕೂತೂ ಕೂತೂ ಆಗಿದ್ದು.’

ಮಗನನ್ನು ಮಗ್ಗುಲಾಗಿ ಮಲಗಿಸಿ ಕೈಯ ಹಿಂಬದಿ ಇಟ್ಟು ನೋಡಲು ಹೇಳಿದೆ. ಪಾತ್ರೆ ತೊಳೆಯುತ್ತಿದ್ದ ಕೈ ತಣ್ಣಗಿತ್ತು, ಅವರು ಸೆರಗಿನಲ್ಲಿ ಒರೆಸಿಕೊಂಡು ಸ್ವಲ್ಪ ಹೊತ್ತು ಉಜ್ಜಿಕೊಂಡರು. ಕಲೆಯ ಮೇಲೆ ಕೈ ಇಟ್ಟು, ಒಂದು ಗೇಣು ಮೇಲೆ ಬೆನ್ನಿನ ಮೇಲೆ ಇಟ್ಟು, ಮತ್ತೆ ಕಲೆಯ ಮೇಲೆ ಇಟ್ಟರು. ‘ಇಲ್ಲಿ ಬಿಸಿ ಇದೆಯಲ್ಲ!’ ಎಂದು ನನ್ನ ಮುಖ ನೋಡಿದರು. ಬೆರಳಿನಿಂದ ಮೆಲ್ಲಗೆ ಒತ್ತಿ ‘ಒಳಗೆ ಗಂಟಿನ ಹಾಗೆ ಇದೆ’ ಎಂದರು. ಅಲ್ಲಿಂದ ಮುಂದೆ ನಾನು ಹೇಳಿಕೊಡಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಕಷ್ಟವಾದದ್ದು ಅವನ ತಂದೆಯನ್ನು ಒಪ್ಪಿಸುವುದು. ಎರಡು ದಿನ ಬಿಟ್ಟು ಅಣ್ಣನ ಮಗನ ಗೃಹಪ್ರವೇಶ. ಅಪಘಾತವಾದ ಮೇಲೆ ಹುಡುಗ ಮೊದಲ ಸಲ ಹೊರಗೆ ಹೊರಡುವವನಿದ್ದ, ಗಾಡಿಯೂ ಗೊತ್ತಾಗಿತ್ತು. ‘ಗಾಯವೇ ಆಗಿಲ್ಲವಲ್ಲ, ಒಂದು ದಿನ ಕೂತರೆ ಏನಾಗುತ್ತದೆ’ ಎಂದು ಅವರು ಕೇಳಿದ್ದು ಸಿಟ್ಟಿನಿಂದಲ್ಲ, ಮಗನನ್ನು ನಾಲ್ಕು ಜನರ ನಡುವೆ ಕೂರಿಸುವ ಆಸೆಯಿಂದ. ಗಾಯವಾದರೆ ಮುಂದಿನ ಗೃಹಪ್ರವೇಶಕ್ಕೂ ಇರುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಬೇಕಾಯಿತು.

ಹಾಸಿಗೆಯನ್ನು ಜಗಲಿಗೇ ತಂದು ಹಾಕಿದರು. ಎದೆಯ ಕೆಳಗೆ ದಿಂಬು ಕೊಟ್ಟು ಅವನು ಕವುಚಿ ಮಲಗಿದ, ಅಂಗಳ ಕಾಣುವಂತೆ. ಹೋಗುವವರು ಬರುವವರು ಎಂದಿನಂತೆ ಮಾತಾಡಿಸಿದರು. ಕಲೆ ಕ್ರಮೇಣ ಮಂದವಾಗಿ ಸುತ್ತಲಿನ ಬಣ್ಣಕ್ಕೆ ಸೇರಿತು, ಚರ್ಮ ಒಡೆಯಲಿಲ್ಲ. ಆಮೇಲೆ ಕುರ್ಚಿಗೆ ಮರಳಿದ್ದೂ ಒಮ್ಮೆಲೇ ಅಲ್ಲ. ಮೊದಲು ಕಾಲು ಗಂಟೆ ಕೂರುವುದು, ಇಳಿದು ನೋಡುವುದು, ಚೆನ್ನಾಗಿದ್ದರೆ ಮರುದಿನ ಸ್ವಲ್ಪ ಹೆಚ್ಚು. ಈ ಕೊನೆಯ ಭಾಗವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಕಲೆ ಹೋದ ಸಂತೋಷಕ್ಕೆ ಇಡೀ ದಿನ ಕುಳಿತು ಮತ್ತೆ ಅಲ್ಲಿಗೇ ಬರುತ್ತಾರೆ.

ಕಲೆ ಕಂಡಾಗ ಮಾಡಬಾರದ್ದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಇವೆಲ್ಲ ಪ್ರೀತಿಯಿಂದಲೇ ನಡೆಯುತ್ತವೆ. ಆ ಜಾಗವನ್ನು ತಿಕ್ಕಬಾರದು, ಎಣ್ಣೆ ಹಚ್ಚಿ ನೀವಬಾರದು. ಒಳಗೆ ನೊಂದಿರುವ ಮಾಂಸ ಅದರಿಂದ ಇನ್ನಷ್ಟು ಹರಿಯುತ್ತದೆ. ಸ್ಪಿರಿಟ್ ಒರೆಸಿ ಪೌಡರ್ ಹಾಕುವುದು ನಮ್ಮ ಆಸ್ಪತ್ರೆಗಳಲ್ಲಿ ಬಹುಕಾಲ ನಡೆದುಬಂದ ಪದ್ಧತಿ. ಸ್ಪಿರಿಟ್ ಚರ್ಮವನ್ನು ಒಣಗಿಸಿ ಬಿರಿಯುವಂತೆ ಮಾಡುತ್ತದೆ, ಪೌಡರ್ ಬೆವರಿನಲ್ಲಿ ಗಂಟುಕಟ್ಟಿ ಉಜ್ಜುತ್ತದೆ. ಬಿಸಿನೀರಿನ ಶಾಖ ಕೊಡಬಾರದು. ಔಷಧಿ ಅಂಗಡಿಯಲ್ಲಿ ಸಿಗುವ ಗಾಳಿ ತುಂಬಿದ ರಿಂಗ್ ಮೇಲೆ ಕೂರಬಾರದು, ಅದರ ಅಂಚು ಸುತ್ತಲಿನ ರಕ್ತನಾಳಗಳನ್ನೇ ಒತ್ತಿ ನಡುವಿನ ಜಾಗಕ್ಕೆ ರಕ್ತ ಹೋಗದಂತೆ ಮಾಡುತ್ತದೆ. ಹಿಮ್ಮಡಿಯ ಕೆಳಗೆ ನೀರು ತುಂಬಿದ ಕೈಗವಸು ಇಡುವುದೂ ವ್ಯರ್ಥ. ಮೀನಗಂಡದ ಉದ್ದಕ್ಕೆ ದಿಂಬು ಕೊಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಿದರೆ ಸಾಕು.

ಕಲೆಯ ಮೂಲ ಹುಡುಕುವುದು ಅದನ್ನು ಗುಣಪಡಿಸಿದಷ್ಟೇ ಮುಖ್ಯ. ಒಂದು ಕಡೆ ಮಾತ್ರ ಕಂಡರೆ ಕುಳಿತ ಭಂಗಿ ಓರೆಯಾಗಿರಬಹುದು, ಅಥವಾ ಕುರ್ಚಿಯ ಮೇಲೆ ಹಾಕಿಕೊಳ್ಳುವ ಗಾಳಿ ದಿಂಬಿನ ಒಂದು ಭಾಗ ಇಳಿದಿರಬಹುದು. ಗಾಳಿ ಗೂಡುಗಳ ದಿಂಬನ್ನು ವಾರಕ್ಕೊಮ್ಮೆ ಅಲ್ಲ, ದಿನವೂ ನೋಡಬೇಕು. ಕುಳಿತ ಮೇಲೆ ಕೆಳಗೆ ಕೈ ತೂರಿಸಿದರೆ ಮೂಳೆಗೂ ದಿಂಬಿನ ತಳಕ್ಕೂ ನಡುವೆ ಅರ್ಧ ಇಂಚಿನಿಂದ ಒಂದು ಇಂಚು ಜಾಗ ಸಿಗಬೇಕು. ಗಾಳಿ ಹೆಚ್ಚು ತುಂಬಿದರೂ ಕೆಡುಕೇ, ಆಗ ಗಟ್ಟಿ ಹಲಗೆಯ ಮೇಲೆ ಕುಳಿತ ಹಾಗೆ. ಬಟ್ಟೆಗಳ ಕಡೆಗೂ ಗಮನ ಬೇಕು. ಜೀನ್ಸ್ ಪ್ಯಾಂಟಿನ ಹಿಂಜೇಬು, ಅದರ ತಾಮ್ರದ ಗುಬುಟು, ಜೇಬಿನಲ್ಲಿ ಮರೆತ ಕೀಲಿಕೈ ಹುಡುಗರಿಗೆ ಹುಣ್ಣು ತರುತ್ತವೆ. ಹೆಣ್ಣುಮಕ್ಕಳಿಗೆ ಲಂಗದ ಲಾಡಿಯ ಗಂಟು, ಕುಂಡೆಯ ಕೆಳಗೆ ಮಡಚಿಕೊಂಡ ಸೀರೆ, ಚೂಡಿದಾರದ ದಪ್ಪ ಹೊಲಿಗೆ. ಮುಟ್ಟಿನ ದಿನಗಳಲ್ಲಿ ಪ್ಯಾಡಿನ ಅಂಚು ಒತ್ತುತ್ತದೆ, ತೇವವೂ ಸೇರುತ್ತದೆ. ಆ ದಿನಗಳಲ್ಲಿ ನಾನು ಮಧ್ಯಾಹ್ನವೂ ಒಮ್ಮೆ ಮಲಗಿ ನೋಡುತ್ತೇನೆ.

ಬಹಳ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳದ ಜಾಗ ಶೌಚದ ಕುರ್ಚಿ. ಗಟ್ಟಿ ಪ್ಲಾಸ್ಟಿಕ್, ನಡುವೆ ರಂಧ್ರ, ಮೇಲೆ ಒದ್ದೆ ಚರ್ಮ. ನಮಗೆ ಶೌಚ ಐದು ನಿಮಿಷದ ಕೆಲಸವಲ್ಲ, ಮುಕ್ಕಾಲು ಗಂಟೆ ಹಿಡಿಯುವುದೂ ಉಂಟು. ಮೆತ್ತೆ ಹಾಕಿದ ಆಸನ ಇಲ್ಲದೆ ಅಷ್ಟು ಹೊತ್ತು ಕೂರುವುದು ಅಪಾಯ. ಕಾರಿನಲ್ಲಿ ಹೋಗುವಾಗಲೂ ದಿಂಬನ್ನು ಡಿಕ್ಕಿಯಲ್ಲಿ ಹಾಕದೆ ಕೆಳಗೇ ಹಾಕಿಕೊಳ್ಳಬೇಕು. ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವಾಗ ಎಳೆದಾಡಬಾರದು, ಎತ್ತಿ ಇಡಬೇಕು. ಹಾಸಿಗೆಯ ತಲೆಭಾಗವನ್ನು ಬಹಳ ಎತ್ತರಿಸಿದರೆ ಮೈ ಕೆಳಕ್ಕೆ ಜಾರುತ್ತ ಚರ್ಮ ಒಂದು ಕಡೆಗೂ ಮೂಳೆ ಇನ್ನೊಂದು ಕಡೆಗೂ ಎಳೆಯುತ್ತವೆ. 30 ಡಿಗ್ರಿಗಿಂತ ಹೆಚ್ಚು ಎತ್ತರಿಸದಿರುವುದು ಒಳ್ಳೆಯದು.

ಮಲೆನಾಡಿನ ಮಳೆಗಾಲ ನಮಗೆ ಬೇರೆಯೇ ಪರೀಕ್ಷೆ. ಬಟ್ಟೆ ಒಣಗುವುದಿಲ್ಲ, ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಅರೆಬರೆ ಒಣಗಿದ್ದನ್ನೇ ಹಾಕಿಕೊಳ್ಳಬೇಕಾಗುತ್ತದೆ. ತೇವದಲ್ಲಿ ನೆನೆದ ಚರ್ಮ ಬಲು ಬೇಗ ಸುಲಿಯುತ್ತದೆ. ಇರುವ ಒಣ ಬಟ್ಟೆಯಲ್ಲಿ ಮೊದಲ ಪಾಲು ಒಳಉಡುಪಿಗೆ ಸೇರಬೇಕು ಎಂದು ನಮ್ಮ ಮನೆಯಲ್ಲಿ ಅತ್ತಿಗೆ ನಿಯಮ ಮಾಡಿಬಿಟ್ಟಿದ್ದಾರೆ. ಅದೇ ಬಚ್ಚಲ ಒಲೆಯ ಎದುರು ಚಳಿ ಕಾಯಿಸಲು ಕಾಲು ಚಾಚಿ ಕೂರುವುದು ಮಾತ್ರ ನಮಗೆ ನಿಷಿದ್ಧ. ಸುಟ್ಟರೂ ತಿಳಿಯುವುದಿಲ್ಲ. ತೊಡೆಯ ಮೇಲೆ ಬಿಸಿ ಚಹಾದ ಲೋಟ ಇಡುವುದೂ ಬೇಡ.

ಕುಳಿತಿರುವಾಗ ಭಾರ ಇಳಿಸುವ ರೀತಿಯನ್ನು ಹಲವರಿಗೆ ಹಳೆಯ ಪಾಠದಂತೆ ಕಲಿಸಿರುತ್ತಾರೆ: ಎರಡೂ ಕೈ ಊರಿ ಮೇಲೆದ್ದು ಕೆಲವು ಸೆಕೆಂಡು ನಿಂತು ಕೂರುವುದು. 2003ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನವೊಂದರಲ್ಲಿ, ಒತ್ತಿಕೊಂಡ ಜಾಗಕ್ಕೆ ಆಮ್ಲಜನಕ ಮೊದಲಿನ ಮಟ್ಟಕ್ಕೆ ಮರಳಲು ಸರಾಸರಿ 1 ನಿಮಿಷ 51 ಸೆಕೆಂಡು ಬೇಕಾಯಿತು. ಅಷ್ಟು ಹೊತ್ತು ತೋಳಿನ ಮೇಲೆ ನಿಲ್ಲಲು ಯಾರಿಗೂ ಆಗುವುದಿಲ್ಲ, ಹಾಗೆ ಮಾಡಿ ಮಾಡಿ ಭುಜ ಕೆಟ್ಟರೆ ಕುರ್ಚಿ ತಳ್ಳಲು ಏನೂ ಉಳಿಯುವುದಿಲ್ಲ. ಮುಂದಕ್ಕೆ ಬಾಗಿ ಎದೆಯನ್ನು ತೊಡೆಯ ಕಡೆಗೆ ತರುವುದು, ಅಥವಾ ಒಂದು ಪಕ್ಕಕ್ಕೆ ಪೂರ್ತಿ ವಾಲಿ ಎರಡು ನಿಮಿಷ, ಆಮೇಲೆ ಇನ್ನೊಂದು ಪಕ್ಕಕ್ಕೆ ಎರಡು ನಿಮಿಷ. ನಾನು ಸಹಕಾರಿ ಸಂಘದ ಕಚೇರಿಯಲ್ಲಿ ಮೇಜಿನ ಮೇಲೆ ಮೊಣಕೈ ಊರಿ ಮುಂದಕ್ಕೆ ಬಾಗಿ ಲೆಕ್ಕದ ಪುಸ್ತಕ ಓದುತ್ತೇನೆ. ಮೊಬೈಲಿನ ಅಲಾರಂ ಅರ್ಧ ಗಂಟೆಗೊಮ್ಮೆ ನಡುಗುತ್ತದೆ. ಗ್ರಾಹಕರ ಎದುರಿದ್ದರೂ ಬಾಗುತ್ತೇನೆ. ಮೊದಲು ವಿಚಿತ್ರವಾಗಿ ನೋಡುತ್ತಿದ್ದವರು ಈಗ ನಾನು ಬಾಗಿದಾಗ ತಾವೂ ಸ್ವಲ್ಪ ಬಾಗಿ ಮಾತು ಮುಂದುವರಿಸುತ್ತಾರೆ.

ಊಟದ ಬಗ್ಗೆ ಒಂದೇ ಮಾತು. ಅನ್ನ, ತಂಬುಳಿ, ಉಪ್ಪಿನಕಾಯಿ ರುಚಿಗೆ ಸರಿ, ಚರ್ಮ ಕಟ್ಟಲು ಸಾಲದು. ಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ ಮೀನು ದಿನವೂ ಬೇಕು. ರಕ್ತಹೀನತೆ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು ಇದ್ದವರಿಗೆ ಅಪಾಯ ಹೆಚ್ಚು.

ಎದೆಯ ಮೇಲ್ಭಾಗದಿಂದ, ಅಂದರೆ ವೈದ್ಯರು ಡಿ-6 ಎನ್ನುವ ಮಟ್ಟದಿಂದ ಅಥವಾ ಅದಕ್ಕೂ ಮೇಲೆ ಪೆಟ್ಟಾದವರು ಇನ್ನೊಂದನ್ನು ತಿಳಿದಿರಬೇಕು. ಕೆಳಗೆ ಎಲ್ಲೋ ಹುಣ್ಣು ಶುರುವಾಗಿದ್ದರೆ ಮೇಲೆ ತಲೆ ಸಿಡಿಯಬಹುದು, ಮುಖ ಕೆಂಪೇರಿ ಬೆವರಬಹುದು, ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಕಾಲಿನ ಸೆಳೆತ ಇದ್ದಕ್ಕಿದ್ದಂತೆ ಹೆಚ್ಚುವುದೂ ಉಂಟು. ಆಗ ತಕ್ಷಣ ತಲೆ ಎತ್ತರಕ್ಕಿಟ್ಟು ಕುಳಿತು, ಬಿಗಿ ಬಟ್ಟೆ ಸಡಿಲಿಸಿ, ಮೂತ್ರದ ನಳಿಕೆ ಕಟ್ಟಿದೆಯೇ ಎಂದು ಮೊದಲು ನೋಡಬೇಕು. ಆಮೇಲೆ ಚರ್ಮ. ಇಳಿಯದಿದ್ದರೆ ಆಸ್ಪತ್ರೆ.

ಎಲ್ಲಕ್ಕಿಂತ ಬಿಡಿಸಲು ಕಷ್ಟವಾದ ಗಂಟು, ಯಾರು ನೋಡಬೇಕು ಎಂಬುದು. ಕೈಗಳು ಚೆನ್ನಾಗಿರುವ ನನಗೆ ಕನ್ನಡಿ ಸಾಕು. ಕುತ್ತಿಗೆಯ ಮಟ್ಟದ ಪೆಟ್ಟಿನವರಿಗೆ ಕನ್ನಡಿ ಹಿಡಿಯಲೂ ಬೇರೆಯವರು ಬೇಕು. ಗಂಡಸಿಗೆ ಹೆಂಡತಿಯೋ ತಾಯಿಯೋ ನೋಡುತ್ತಾರೆ, ಅದನ್ನು ಮನೆ ಸಹಜವೆಂದು ಒಪ್ಪುತ್ತದೆ. ಹೆಣ್ಣಿಗೆ ಪೆಟ್ಟಾದರೆ ತವರಿಗೆ ಬರುತ್ತಾಳೆ, ತಾಯಿ ಮುದುಕಿಯಾಗಿರುತ್ತಾಳೆ, ಕಣ್ಣು ಮಂಜಾಗಿರುತ್ತದೆ, ಅಣ್ಣತಮ್ಮಂದಿರ ಹತ್ತಿರ ಹೇಳಲಾಗುವುದಿಲ್ಲ. ಅತ್ತಿಗೆಯ ಮುಂದೆ ದಿನಕ್ಕೆರಡು ಸಲ ಬಟ್ಟೆ ಸರಿಸುವ ಸಂಕೋಚಕ್ಕೆ ‘ನಿನ್ನೆ ನೋಡಿದ್ದೆವಲ್ಲ’ ಎಂದು ಬಿಟ್ಟುಬಿಡುವ ಹೆಂಗಸರನ್ನು ನಾನು ಬಲ್ಲೆ. ಅವರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ಅವರ ಮನೆಗೆ ಹೊರಗಿನ ಒಂದು ತರಬೇತಾದ ಕೈ ಬರಬೇಕು.

ಅಂಥ ಕೈಗಳು ನಮ್ಮ ರಾಜ್ಯದಲ್ಲಿ ಇಲ್ಲವೆಂದಲ್ಲ. ಬೆಂಗಳೂರಿನಲ್ಲಿ ಗಾಲಿಕುರ್ಚಿಯಲ್ಲೇ ಬದುಕಿದ ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಎ.ಪಿ.ಡಿ. (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆ ಬೆನ್ನುಹುರಿ ಪೆಟ್ಟಿನವರ ಪುನಶ್ಚೇತನ ಮಾಡುತ್ತದೆ. ದಕ್ಷಿಣ ಕನ್ನಡದ ಕೊಕ್ಕಡದ ಬಳಿ ಸೌತಡ್ಕದಲ್ಲಿ ಸೇವಾಧಾಮ ಎಂಬ ಪುನಶ್ಚೇತನ ಕೇಂದ್ರ ಇದೆ. ಆದರೆ ಎಲ್ಲರೂ ಅಲ್ಲಿಗೆ ಹೋಗಿ ಬರಲಾರರು. ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ಅವರಲ್ಲಿ ಅನೇಕರು ತಾವೇ ಅಂಗವಿಕಲರು. ಅಲ್ಪ ಗೌರವಧನಕ್ಕೆ ಪಿಂಚಣಿ ಅರ್ಜಿ, ಗುರುತಿನ ಚೀಟಿ ಎಂದು ಓಡಾಡುತ್ತಾರೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗುತ್ತಾರೆ. ಇವರಿಗೆ ಒಂದು ದಿನದ ತರಬೇತಿ ಕೊಟ್ಟು, ಒಂದು ಕನ್ನಡಿ ಕೊಟ್ಟು, ಕಂದು ಚರ್ಮದ ಮೇಲೆ ಮೊದಲ ಹಂತದ ಹುಣ್ಣು ಹೇಗಿರುತ್ತದೆ ಎಂಬ ಚಿತ್ರಗಳಿರುವ ಕನ್ನಡದ ಪುಟ್ಟ ಪುಸ್ತಕ ಕೊಟ್ಟರೆ ಆಗುತ್ತದೆ. ಅದರ ಕೊನೆಯ ಪುಟದಲ್ಲಿ, ಕಲೆ ಕಂಡವರಿಗೆ ಕುರ್ಚಿ ಬಿಟ್ಟು ಮಲಗಲು ರಜೆ ಕೊಡಬೇಕು ಎಂದು ವೈದ್ಯಾಧಿಕಾರಿ ಸಹಿ ಹಾಕಲು ಒಂದು ಜಾಗವಿರಲಿ. ಕೆಲಸಕ್ಕೆ ಹೋಗುವವರು ಅದನ್ನು ಕಚೇರಿಯಲ್ಲಿ ತೋರಿಸಬಹುದು, ಹೋಗದವರು ಮನೆಯವರಿಗೆ ತೋರಿಸಬಹುದು. ನಮ್ಮ ತಾಲ್ಲೂಕಿನ ಆರೋಗ್ಯಾಧಿಕಾರಿಗಳಿಗೆ ಈ ಬೇಡಿಕೆಯನ್ನು ಬರೆದುಕೊಟ್ಟಿದ್ದೇನೆ. ನಿಮ್ಮ ತಾಲ್ಲೂಕಿನಲ್ಲಿ ನೀವು ಬರೆದುಕೊಡಿ.